ಹೃದಯ ರಿಪೇರಿಯವನ ಅಮ್ಮ

ಹೃದಯ ಹೊಸದು ಮಾಡುವ ಮಹಾವೈದ್ಯರೇ,

ಇವತ್ತು ನಿನ್ನ ಅಮ್ಮ ನನ್ನ ಆಸ್ಪತ್ರೆಗೆ ಬಂದಿದ್ದರು. ಹಾರ್ಟ್ ಅಟ್ಯಾಕ್ ಆದಮೇಲೆ ಮೆಟ್ಟಿಲು ಹತ್ತಿದರೆ ಏದುಸಿರಂತೆ. ಮಗನ ಕ್ಲಿನಿಕ್ ಇರುವಾಗ ಇಲ್ಲಿಗೇಕೆ ಎಂದು ಕೇಳಿದೆ.

"ಅವನೇ ಕಳಿಸಿದ ಕಣಮ್ಮ. ನಿನ್ನ ಹತ್ರಾನೇ ಮಾತ್ರೆ ಬರೆಸ್ಕೊಳ್ಳೋಕೆ ಹೇಳ್ದ. ಊರಿಗೆಲ್ಲ ಸ್ಟೆಮ್ ಸೆಲ್ ಚುಚ್ತಾನೆ, ನನಗೆ ಮಾತ್ರ ಬೇಡ್ವಂತೆ."

ಎಂಥಾ ಮಾತೃಭಕ್ತಿಯಪ್ಪಾ ನಿನ್ನದು! ಸೊಂಟದ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು ಹೃದಯಕ್ಕೆ ಚುಚ್ಚಿದರೆ ಸತ್ತ ಸ್ನಾಯು ಮತ್ತೆ ಚಿಗುರುತ್ತದೆ ಎಂದು ಬೀದಿಬೀದಿಗೆ ಬೋರ್ಡು ಹಾಕಿಸಿದವನು ನೀನು. ಅದು ಸಾಬೀತಾಗಿಲ್ಲವೆಂದು ನನ್ನಷ್ಟೇ ನಿನಗೂ ಗೊತ್ತು. ನಾವಿಬ್ಬರೂ ಬೆಳೆಸಿದ ಹೃದಯದ ಕೋಶಗಳು ಬಟ್ಟಲಿನಲ್ಲಿ ಮೊದಲ ಸಲ ಮಿಡಿದಾಗ, ಲ್ಯಾಬಿನಲ್ಲಿ ನನ್ನ ಕೈ ಹಿಡಿದು ಕುಣಿದವನು ಬೇರೆ ಯಾರೋ ಇರಬೇಕು.

ಔಷಧಿ ಬರೆದುಕೊಟ್ಟು ಕಳಿಸಿದೆ. ಬಾಗಿಲಾಚೆ ಅಮ್ಮನ ದನಿ ಕೇಳಿಸಿತು. ಸರದಿಗೆ ಕಾಯುತ್ತಿದ್ದ ಒಬ್ಬ ರೋಗಿಗೆ, "ಇಲ್ಲಿ ಬರೀ ಮಾತ್ರೆ. ನನ್ನ ಮಗನ ಹತ್ರ ಹೋಗಿ, ಹೃದಯಾನೇ ಸರಿ ಮಾಡ್ತಾನೆ" ಎನ್ನುತ್ತಿದ್ದರು. ನಾನು ಎದ್ದು ಹೋಗಿ, ಅವರೆದುರೇ ಆ ಮನುಷ್ಯನಿಗೆ ಹೇಳಿಬಿಟ್ಟೆ: "ಹೋಗ್ಬೇಡಿ, ಅದು ಮೋಸ."

ಅಮ್ಮ ಬೆಂಚಿನ ಮೇಲೆ ಕುಸಿದು ಕೂತರು. "ಅದಕ್ಕೇನಾ ನನಗೆ ಬೇಡ ಅಂದಿದ್ದು?"

ನಾನು ಪಕ್ಕದಲ್ಲಿ ಕೂತು ಅವರ ನಾಡಿ ನೋಡಿದೆ. ಅವರು ನನ್ನ ಕೈ ಹಿಡಿದುಕೊಂಡು ಎದ್ದರು.

"ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ ಮಗಳೇ. ನೊಂದ್ಕೋತಾನೆ."

ನೀನು ನೊಂದುಕೊಳ್ಳುವ ಆಸಾಮಿಯಲ್ಲ ಎಂದು ಗೊತ್ತಿದ್ದೂ ಹೂಂ ಎಂದೆ. ಅವರ ಮುಖ ನೋಡಿ ಈ ಕಾಗದ ಕಳಿಸುತ್ತಿಲ್ಲ.