ಚೀಟಿಯಲ್ಲಿ ಬರೆದ ಎರಡು

ಅಪ್ಪನವರಿಗೆ,

ನಿನ್ನೆಯ ಸಭೆಯಲ್ಲಿ, ಈ ಸೀಮೆಯ ನೆಲದಡಿ ಇನ್ನೂ ಪತ್ತೆಯಾಗದ ತಾಮ್ರದ ನಿಕ್ಷೇಪಗಳು ಎಷ್ಟಿರಬಹುದೆಂದು ಭೂವಿಜ್ಞಾನಿಗಳಾದ ನಾವೆಲ್ಲ ಒಬ್ಬರದನ್ನೊಬ್ಬರು ನೋಡದೆ ಚೀಟಿಯಲ್ಲಿ ಬರೆಯಬೇಕಿತ್ತು. ಇಲಾಖೆಯ ನಿರ್ದೇಶಕರಾದ ನೀವು ಕುರ್ಚಿ ಎಳೆದುಕೊಳ್ಳುತ್ತಲೇ, "ಹತ್ತಕ್ಕೆ ಕಡಿಮೆ ಇರಲ್ಲ ಬಿಡ್ರಪ್ಪ, ಮಂತ್ರಿಗಳೂ ಅದನ್ನೇ ಕಾಯ್ತಿದಾರೆ" ಅಂದಿರಿ. ಕಲ್ಲು ಕೊರೆದು ತಲೆ ನರೆಸಿಕೊಂಡವರೂ ಕೋಲೆಬಸವನ ಹಾಗೆ ತಲೆಯಾಡಿಸಿ ಹತ್ತೆಂದೇ ಬರೆದರು. ನನ್ನ ಚೀಟಿಯ ಎರಡನ್ನು ಕೈತಪ್ಪೆಂದು ನೀವೇ ಹತ್ತೆಂದು ತಿದ್ದಿದಿರಿ.

ಅಸಹ್ಯವಾಯಿತು. ಕೈಗೆ ಬಂದ ಚಹಾ ಅಲ್ಲೇ ಇಟ್ಟು ಎದ್ದು ಬಂದೆ.

ಚಿಕ್ಕವಳಿದ್ದಾಗ ಗೋಲಿ ತುಂಬಿದ ಡಬ್ಬಿ ತೋರಿಸಿ, "ಎಷ್ಟಿವೆ ಹೇಳು ಪುಟ್ಟಿ" ಅನ್ನುತ್ತಿದ್ದಿರಿ. ನಾನು ಹೇಳುವವರೆಗೂ ನಿಮ್ಮ ಲೆಕ್ಕ ಹೊರಬೀಳದಂತೆ ಬಾಯಿಗೆ ನೀವೇ ಕೈ ಅಡ್ಡ ಹಿಡಿಯುತ್ತಿದ್ದಿರಿ.

ಆ ಹತ್ತರ ವರದಿಯಿಂದ ನನ್ನ ಹೆಸರು ತೆಗೆಸಿ. ಆ ಡಬ್ಬಿಯನ್ನು ಅಮ್ಮನ ಕೈಲಿ ಕಳಿಸಿಕೊಡಿ. ನಿಮ್ಮ ಮೊಮ್ಮಗಳಿಗೆ ಆ ಆಟ ನಾನೇ ಕಲಿಸುತ್ತೇನೆ.

ಎರಡೆಂದೇ ಬರೆದ,
ನಿಮ್ಮ ಮಗಳು