ಗೋಣಿ ಸುತ್ತಿದ ಹಲಗೆ

ಬಸವನಗುಡಿ
೨೬-೮-೧೯೯೮

ಲಕ್ಷ್ಮೀ,

ಒಂದೇ ಹಿತ್ತಿಲಿನ ಈ ಕಡೆಯವಳು ಆ ಕಡೆಯವಳಿಗೆ ಕಾಗದ ಬರೆಯುವ ಹಾಗಾಯಿತು. ಎದುರು ನಿಂತರೆ ನನಗೆ ಅಳು ಬರುತ್ತದೆ. ನೀನು ಕಾಫಿ ಕೊಟ್ಟು ಸಮಾಧಾನ ಮಾಡುತ್ತೀಯ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಇವತ್ತು ಬೆಳಿಗ್ಗೆ ಮಾಲಿ ಕೆಂಚಪ್ಪ ಸಂಪಿಗೆ ಬುಡ ಅಗೆಯುತ್ತಿದ್ದ. ಇನ್ನೂ ಸ್ವಲ್ಪ ಆಳಕ್ಕೆ ಹೋಗಪ್ಪ ಎಂದೆ. ಅವನು ಗುದ್ದಲಿ ಕೆಳಗಿಟ್ಟ. "ಬ್ಯಾಡ ಅಮ್ಮಾವ್ರೇ, ಅಲ್ಲಿ ಅಳಿಲು ಹೂತಿದೀನಿ. ಅದೇ, ನೀವು ದಿನಾ ಕಾಳು ಹಾಕ್ತಿದ್ರಲ್ಲ, ಮೋಟು ಬಾಲದ್ದು. ಕೈತೋಟದ ಸ್ಪರ್ಧೆಯೋರು ಬಂದ್ಹೋದ ಮಾರನೇ ದಿನ ಕಲ್ಲುಬಾನಿ ನೀರಲ್ಲಿ ತೇಲ್ತಿತ್ತು. ನಿಮಗೆ ಹೇಳ್ಬೇಡ ಅಂದಿದ್ರು ಲಕ್ಷ್ಮಮ್ಮಾವ್ರು."

ಹೋದ ವರ್ಷ ಆ ಹಳೇ ಕಲ್ಲುಬಾನಿಗೆ ನೀರು ತುಂಬಿ ನೈದಿಲೆ ನೆಟ್ಟಾಗ, ಎಂಟೇ ದಿನಕ್ಕೆ ಒಂದು ಅಳಿಲುಮರಿ ಬಿದ್ದು ಸತ್ತಿತು. ಒಳಗೆಲ್ಲ ನುಣುಪು, ಉಗುರಿಗೆ ಆಸರೆಯೇ ಇಲ್ಲ. ಅವತ್ತು ನನಗಿಂತ ಹೆಚ್ಚು ಅತ್ತವಳು ನೀನು. ಬಿದ್ದದ್ದು ಹತ್ತಿ ಬರಲಿ ಎಂದು ಹಲಗೆಗೆ ಗೋಣಿ ಸುತ್ತಿ, ತಳದಿಂದ ಅಂಚಿಗೆ ಓರೆಯಾಗಿ ಇಟ್ಟವಳೂ ನೀನೇ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು, ಔಷಧಿ ವಾಸನೆ ಹೋದ ಮೇಲೆ ಸುರಿಯಬೇಕು, ಇಲ್ಲದಿದ್ದರೆ ಕಪ್ಪೆಗಳಿಗೆ ಆಗುವುದಿಲ್ಲ ಎಂದು ನನಗೆ ಕಲಿಸಿದೆ.

ಆ ಹಲಗೆಯನ್ನು ಸ್ಪರ್ಧೆಯ ದಿನ ನೀನೇ ತೆಗೆದೆ. ಕೊಳಕು ಗೋಣಿ ಕಂಡರೆ ತೀರ್ಪುಗಾರರು ಅಂಕ ಕಡಿಮೆ ಮಾಡುತ್ತಾರೆಂದು ತಾನೆ? ಮತ್ತೆ ಇಡಲು ಮರೆತೆ. ಮರೆವಾದರೆ ಯಾರಿಗೂ ಆಗುತ್ತದೆ, ಹೇಳಿದ್ದರೆ ಇಬ್ಬರೂ ಕೂತು ಅಳುತ್ತಿದ್ದೆವು. ಆದರೆ ನೀನು ಅಳಿಲನ್ನು ಹೂಳಿಸಿ, ಹಲಗೆಯನ್ನು ಇದ್ದ ಜಾಗಕ್ಕೆ ಇಟ್ಟು, ಸಂಜೆ ನನ್ನ ಜೊತೆ ಅದನ್ನು ಹಂಚಿನ ಸಂದಿಯಲ್ಲೆಲ್ಲ ಹುಡುಕಿದೆ. "ಬೆಕ್ಕು ಹಿಡ್ಕೊಂಡ್ಹೋಗಿರ್ಬೇಕು, ಬಿಡೇ ಸುಂದ್ರೂ" ಅಂದೆ. ಅಂದಿನಿಂದ ಆ ಬಡಪಾಯಿ ಬೆಕ್ಕಿಗೆ ನಾನು ಹಾಲು ಹಾಕಿಲ್ಲ.

ಬಹುಮಾನ ಕೊಡುವಾಗ, ಕಪ್ಪೆ ಅಳಿಲುಗಳಿಗೂ ಜಾಗ ಕೊಟ್ಟ ಕೈತೋಟ ಎಂದು ಮೈಕಿನಲ್ಲಿ ಹೊಗಳಿದರು. ನೀನು ನನ್ನ ಕೈ ಅದುಮಿ ನಕ್ಕೆ. ಸತ್ತದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಸುಡುತ್ತಿದೆ.

ಬಹುಮಾನದ ಕಪ್ಪು ನಿನ್ನ ಮನೆಯಲ್ಲೇ ಇರಲಿ. ಕೆಂಚಪ್ಪನ ಮೇಲೆ ರೇಗಬೇಡ. ನಾಳೆಯಿಂದ ಕಾಫಿಗೆ ನನ್ನನ್ನು ಕಾಯಬೇಡ. ಹಲಗೆಯನ್ನು ತಂತಿಯಲ್ಲಿ ಬಿಗಿದು ಕಟ್ಟಿಸಿದ್ದೇನೆ.

ಇಪ್ಪತ್ತು ವರ್ಷ ನಿನ್ನನ್ನು ನಂಬಿದ್ದ,
ಸುಂದರಮ್ಮ

ಬಿಟ್ಟುಹೋದದ್ದು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ನೀನು ಹಲಗೆ ಎತ್ತಿಕೊಂಡು ಹೋಗುವಾಗ ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಈಗ ಬಾನಿ ಎಷ್ಟು ಚೆಂದ ಕಾಣುತ್ತದೆ ಅಂದುಕೊಂಡೆ. ಬಹುಮಾನ ನನಗೂ ಬೇಕಿತ್ತು ಲಕ್ಷ್ಮೀ. ಅವತ್ತೇ ಸಂಜೆ ಒಮ್ಮೆ ಹಲಗೆಯ ನೆನಪಾಯಿತು. ನೀನು ಇಟ್ಟಿರುತ್ತೀಯ ಎಂದುಕೊಂಡು ಎದ್ದು ಹೋಗಿ ನೋಡಲಿಲ್ಲ.