ಜ್ವರ ಎಂದುಕೊಂಡದ್ದು

ಮನೆಯಿಂದ,
ಮೇ ಇಪ್ಪತ್ತೆರಡು, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಊಟ ಸೇರುತ್ತಿದೆಯೇ? ಬೆನ್ನುನೋವು ಕಡಿಮೆಯಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದು ಹೊಡೆದುಹಾಕಿದೆ. ಇದ್ದೇವೆ, ಅಷ್ಟೇ.

ಅಪ್ಪನ ಕಾರ್ಯ ಮುಗಿಸಿ ಹೊರಡುವಾಗ ನೀನು ನನಗೊಬ್ಬಳಿಗೇ 'ಬರ್ತೀನಿ' ಎಂದೆ. ಅಜ್ಜಿ ಬಾಗಿಲ ಹಿಂದೆಯೇ ನಿಂತಿದ್ದಳು. ಅದಕ್ಕೂ ಮೊದಲು 'ಇವಳ ಮೂಢನಂಬಿಕೆ ಅಪ್ಪನ್ನ ತಿಂದುಹಾಕ್ತು' ಎಂದೆಯಲ್ಲ, ಅದೂ ಅವಳ ಕಿವಿಗೆ ಬಿದ್ದಿತ್ತು. ಅಣ್ಣಾ, ಅಪ್ಪ ಅವಳ ಮಗ. ಈಗ ಒಪ್ಪೊತ್ತು ಉಣ್ಣುತ್ತಾಳೆ. ನಿನ್ನ ಫೋನ್ ಬಂದರೆ ಕೂದಲು ಸರಿಮಾಡಿಕೊಳ್ಳುತ್ತಾಳೆ, ನಿನಗೆ ಕಾಣುತ್ತದೇನೋ ಎಂಬಂತೆ. ನಾನು ಮಾತು ಮುಗಿಸಿದ ಮೇಲೆ 'ನನ್ನ ಕೇಳಿದ್ನಾ?' ಎನ್ನುತ್ತಾಳೆ. 'ಕೇಳಿದ ಅಜ್ಜೀ' ಎಂದರೆ, 'ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ, ಏನು ಓದಿದ್ಯೋ' ಎಂದು ಎದ್ದುಹೋಗುತ್ತಾಳೆ.

ಆ ದಿನದ ಬಗ್ಗೆ ಎಲ್ಲರೂ ನಿನಗೆ ತಮಗೆ ತೋಚಿದಂತೆ ಹೇಳಿದರು. ನಾನು ಹೇಳಲೇ ಇಲ್ಲ. ಅಪ್ಪ ಬೇಕರಿಯಿಂದ ಎರಡು ಗಂಟೆಗೇ ಬಂದರು. ಅಲ್ಲಿ ಹೊಗೆ ಎಳೆಯುವ ಫ್ಯಾನು ಕೆಟ್ಟು ವಾರವಾಗಿತ್ತು; ಬೆಳಗಿನಿಂದ ಒಲೆಯ ಮುಂದೆ ನಿಂತು, ಉರಿಬಿಸಿಲಲ್ಲಿ ನಡೆದು ಬಂದಿದ್ದರು. ಚಪ್ಪಲಿ ಕಾಲಲ್ಲೇ ಮಂಚದ ಮೇಲೆ ಬಿದ್ದುಕೊಂಡು, 'ಎರಡನೇ ಒಲೆ ಬ್ರೆಡ್ಡು ತೆಗೆದ್ಯಾ?' ಎಂದು ನನ್ನನ್ನು ಕೇಳಿದರು. ತಮಾಷೆ ಎಂದುಕೊಂಡು 'ಸೀದುಹೋಯ್ತು ಯಜಮಾನ್ರೇ' ಎಂದೆ. ಅವರು ನಗಲಿಲ್ಲ. ನಾಲಿಗೆ ತೊದಲುತ್ತಿತ್ತು. ಹಣೆ ಕಾದ ಹೆಂಚಿನಂತಿತ್ತು, ಬೆವರು ಮಾತ್ರ ಒಂದು ಹನಿಯೂ ಇಲ್ಲ. ಬೆವರಿದರೆ ಜ್ವರ ಬಿಟ್ಟಂತೆ ಎಂದು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದವರು ಅಪ್ಪನೇ ಅಲ್ಲವೇ? ಮಾತ್ರೆ ಕೊಡಲಾಯಿತು, ಕಿಟಕಿ ಮುಚ್ಚಲಾಯಿತು, ಕಂಬಳಿ ಹೊದಿಸಲಾಯಿತು. ಮುಕ್ಕಾಲು ಗಂಟೆ ಬೆವರಿಗಾಗಿ ಕಾಯಲಾಯಿತು. ಅಪ್ಪನ ಕೈಕಾಲು ಸೆಟೆದುಕೊಂಡಾಗ ಎದುರುಮನೆಯ ಡ್ರೈವರ್ ಕಂಬಳಿ ಸಮೇತ ಎತ್ತಿ ಕಾರಿನಲ್ಲಿ ಮಲಗಿಸಿದರು.

ತುರ್ತು ವಿಭಾಗದ ನರ್ಸ್ ಆ ಕಂಬಳಿಯನ್ನು ಕಿತ್ತೆಸೆದು, ಅಂಗಿ ಕತ್ತರಿಸಿ, ಮೈತುಂಬ ನೀರು ಸುರಿದು ದೊಡ್ಡ ಫ್ಯಾನು ತಿರುಗಿಸಿದರು. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಮಂಜುಗಡ್ಡೆಯ ಚೀಲ ಇಟ್ಟರು. ನೂರಾ ಎಂಟು ಡಿಗ್ರಿ ಇತ್ತು. ಡಾಕ್ಟರು ಬೈಯಲಿಲ್ಲ, ಅದೇ ಕಷ್ಟವಾಯಿತು. 'ಇದು ಜ್ವರ ಅಲ್ಲಮ್ಮ, ಶಾಖದ ಹೊಡೆತ. ಇದಕ್ಕೆ ಜ್ವರದ ಮಾತ್ರೆ ನಾಟಲ್ಲ. ಮಾತು ತೊದಲಿದ ತಕ್ಷಣ ಮೈ ತಣ್ಣಗೆ ಮಾಡ್ಬೇಕಿತ್ತು' ಎಂದರು. ನರ್ಸ್ ಮಾತ್ರ ತಡೆಯಲಾರದೆ 'ಯಾರ್ರೀ ಹೊದಿಸಿದ್ದು ಇದನ್ನ?' ಎಂದು ಕೇಳಿದರು. 'ನಾನೇ ಕಣಮ್ಮಾ. ಹಳೇ ಕಾಲದವಳು, ತಿಳೀಲಿಲ್ಲ' ಎಂದಳು ಅಜ್ಜಿ. ಮರುದಿನ ಬೆಳಿಗ್ಗೆ ಅಪ್ಪ ಹೋದರು.

ನೀನು ಡೆಕ್ಕಿನ ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ. ಜೊತೆಯವರು ಯಾರಾದರೂ ಅಸಂಬದ್ಧವಾಗಿ ಮಾತಾಡಿದರೆ ನಗಬೇಡ. ನೆರಳಿಗೆ ಎಳೆದು ನೀರು ಸುರಿ, ಗಾಳಿ ಹಾಕು, ಆಮೇಲೆ ಯಾರನ್ನಾದರೂ ಕೂಗು. ಅಜ್ಜಿಯ ಆಶೀರ್ವಾದ ನಿನಗಿದೆ. ಅವಳು ಬರೆ ಎಂದು ಹೇಳಲಿಲ್ಲ, ಆದರೂ ಇದೆ.

ನಿನ್ನ
ಮೂಗಿ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಮೇಲೆ 'ಹೊದಿಸಲಾಯಿತು' ಎಂದು ಬರೆದಿದ್ದೇನೆ. ನಾಲ್ಕು ಹಾಳೆ ಹರಿದರೂ ಆ ವಾಕ್ಯಕ್ಕೆ ಕರ್ತೃ ಬರಲಿಲ್ಲ. ಹೊದಿಸಿದ್ದು ನಾನು. ಅಜ್ಜಿ 'ಬೇಡ್ವೇ, ಮೈ ಸುಡ್ತಿದೆ, ಒದ್ದೆ ಬಟ್ಟೆ ತಾ' ಎಂದು ಬೇಡಿಕೊಂಡಳು. 'ನಿನಗೆ ಗೊತ್ತಾಗಲ್ಲ, ಸುಮ್ನಿರು' ಎಂದು ಗದರಿದೆ. ನರ್ಸ್ ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಅಜ್ಜಿ ನನ್ನ ಮೊಣಕೈ ಒತ್ತಿಹಿಡಿದು ತಾನೇ ಉತ್ತರ ಕೊಟ್ಟಳು. 'ನಂದೇನು, ಇವತ್ತೋ ನಾಳೆಯೋ. ನೀನು ಬಾಳ್ಬೇಕಾದವಳು' ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅವಳಿಗೆ ಹೇಳದೆ ಬರೆಯುತ್ತಿದ್ದೇನೆ. ಬಂದರಿನಲ್ಲಿ ಇಳಿದ ಕೂಡಲೇ ಫೋನ್ ಮಾಡು ಅಣ್ಣಾ. ನಾನು ಎತ್ತುವುದಿಲ್ಲ, ಅವಳು ಎತ್ತುವವರೆಗೂ ಬಡಿದುಕೊಳ್ಳಲಿ.